ಸೋಲುವ ತಂಡ ಬೇಕಾಗಿದೆ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ವಲಯದೊಳಗೆ ಯಾರ ಜೊತೆ ಆಡಬೇಕೆಂದು ಯೂನಿವರ್ಸಿಟಿಯೇ ಗೊತ್ತು ಮಾಡುತ್ತದೆ. ಅಲ್ಲಿ ಸೋಲುವುದು ನಮಗೆ ರೂಢಿ. ವಲಯದ ಹೊರಗಿನ ತಂಡಗಳನ್ನು ಮಾತ್ರ ನಾವೇ ಆರಿಸಿ ಕರೆಯಬಹುದು.

ಪ್ರಿನ್ಸಿಪಾಲ್ ಅಂದಾನೆಪ್ಪನವರು ಕ್ಲಾರ್ಕನನ್ನು ಕರೆಸಿದರು. "ಹೊರಗಿನವರನ್ನ ನೋಡಿ ಕರಿ. ನಮ್ಮ ಕೈಲೆ ಖಾತ್ರಿ ಸೋಲೋ ತಂಡಾನ ಬೇಕು. ಈ ಸಲಾನೂ ಸೋತ್ರ ನಿನ್ನ ಎತ್ತಂಗಡಿ ಗ್ಯಾರಂಟಿ."

ಮಧ್ಯಾಹ್ನದೊಳಗೆ ಕ್ಲಾರ್ಕ ಹಾಜರಾದ. "ಫೋನ್ ಮಾಡಿದ ಕಾಲೇಜೆಲ್ಲಾ ಒಪ್ಪಿದ್ವು ರೀ ಸರ. ಬಸ್ ಚಾರ್ಜೂ ಬ್ಯಾಡಂತ."

ಪ್ರಿನ್ಸಿಪಾಲರ ಹುಬ್ಬು ಗಂಟಾಯಿತು. "ಇಷ್ಟ ಲಗೂ ಒಪ್ಪಿದ್ರ? ಇದರಾಗ ಏನೋ ಐತಿ. ಭರ್ಜರಿ ಊಟಾ ಹಾಕ್ತೀವಂತ ಹೇಳಿದೇನು?"

"ಇಲ್ರೀ. ಬುತ್ತೀನೂ ತಾವ ಕಟ್ಟಿಕೊಂಡು ಬರ್ತಾರಂತ."

"ರೆಫ್ರೀ ಅವರ ಕಡಿಯಾವನೇನು?"

"ಇಲ್ರೀ, ರೆಫ್ರೀನೂ ನಮ್ಮ ಕಾಲೇಜಿನವನ ಇರ್ಲಿ ಅಂದಾರ್ರೀ."

ಪ್ರಿನ್ಸಿಪಾಲರಿಗೆ ಕುಂತಲ್ಲಿ ಕುಂಡ್ರಲಾಗಲಿಲ್ಲ. ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು. "ಖರೇ ಹೇಳು. ಅವರಿಗೆ ಏನಂದಿ?"

"ನಮ್ಮ ಕಾಲೇಜಿನ ಹೆಸರಷ್ಟ ಹೇಳಿದೆ ರೀ ಸರ. ಅವರ ಪ್ರಿನ್ಸಿಪಾಲರೂ ಮುಂಜಾನಿಂದ ಇಂಥಾದ್ದೊಂದು ತಂಡಾನ ಹುಡುಕಾಕತ್ತಿದ್ರಂತ."