ಅಂಬಿಗ ಕೇಳಿದ ಲಕ್ಷಣ

ದಾಕ್ಷಾಯಣಿ ಮಾತಾಡುವ ಮೊದಲು ಎಡ ಅಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಏನೋ ಯೋಚಿಸುತ್ತಿದ್ದಾಳೆ ಎಂದು ನೋಡಿದವರು ಅಂದುಕೊಳ್ಳಬೇಕು. ಅಂಗೈಯ ಕೆಳಗೆ ಹುಟ್ಟಿನಿಂದ ಬಂದ ಕಪ್ಪು ಮಚ್ಚೆ ಇದೆ. ಮಠದ ಪಾಠಕ್ಕೆ ಬರುವ ಉಳಿದವರು ಅದನ್ನು ನೋಡಿ ನೋಡಿ ಮರೆತಿದ್ದಾರೆ. ಅವಳು ಮರೆತಿಲ್ಲ.

ಆ ದಿನ ಪಾಠ ಮುಗಿದು ಎಲ್ಲರೂ ಎದ್ದ ಮೇಲೂ ಅವಳು ಜಗುಲಿಯಲ್ಲೇ ಉಳಿದಳು. ಅಂಗೈ ಕೆನ್ನೆಗೆ ಬಂತು.

"ಗುರುಗಳೇ, ಲಕ್ಷಣ ಅಂದರೆ ಏನು?"

"ವ್ಯಾಕರಣದಲ್ಲಿ ಬಂದಿತ್ತಲ್ಲ."

"ಬಂದಿತ್ತು. ನಾಮಪದದ ಲಕ್ಷಣ, ಕ್ರಿಯಾಪದದ ಲಕ್ಷಣ. ವೈದ್ಯರು ಜ್ವರದ ಲಕ್ಷಣ ಅನ್ನುತ್ತಾರೆ. ಮೋಡ ನೋಡಿದರೆ ಮಳೆಯ ಲಕ್ಷಣ ಅನ್ನುತ್ತೇವೆ. ನಮ್ಮ ಸೋದರತ್ತೆ ಮಾತ್ರ, ಈ ಕಡೆ ತಿರುಗಿ ಕೂತರೆ ಲಕ್ಷಣವಾಗಿ ಕಾಣ್ತೀಯ ಅಂದರು. ಜ್ವರಕ್ಕೂ ಮಳೆಗೂ ಇರುವ ಲಕ್ಷಣ ನನಗೆ ಮಾತ್ರ ಒಂದೇ ಕಡೆಯಿಂದ ನೋಡಿದರೆ ಇದೆಯೇ? ಗೊಂದಲವಾಗಿದೆ."

"ಅತ್ತೆ ಯಾಕೆ ಹಾಗಂದರು?"

"ನಾಳೆ ನನ್ನ ನೋಡೋಕೆ ಬರ್ತಾರೆ. ಎಡಗೆನ್ನೆ ಗೋಡೆ ಕಡೆ ಇರಲಿ, ತಾಳಿ ಕಟ್ಟುವವರೆಗೆ ಹೇಗೋ ನಡೆದರೆ ಸಾಕು ಅಂತಾರೆ." ತಡೆದು, "ನಾನು ಪದದ ಅರ್ಥ ಕೇಳಿದೆ, ಅಷ್ಟೇ," ಎಂದಳು.

"ಲಕ್ಷ್ಯ, ಲಕ್ಷಣ ಎರಡೂ ಒಂದೇ ಬೇರಿನವು. ಲಕ್ಷ್ಯವಿಟ್ಟು ನೋಡಿದಾಗ ಯಾವುದರಿಂದ ಗುರುತು ಹತ್ತುತ್ತದೋ ಅದು ಲಕ್ಷಣ."

"ಹಾಗಾದರೆ ಗುರುತು ಅನ್ನುವ ಮಾತು ಚೆಲುವು ಹೇಗಾಯಿತು?"

ಗುರುಗಳು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡ. ಜನ ದೋಣಿಗೆ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಜೊತೆಗೆ ಹೆಂಡತಿ, ಇನ್ನೂ ಮಾತು ಬಾರದ ಮಗಳು. ಹೆಂಡತಿ ಛತ್ರದಲ್ಲಿ ಅಡುಗೆಗೆ ನಿಂತಿದ್ದಳು. ವ್ಯಾಪಾರಿ ಎಣ್ಣೆಯ ಕೊಡಗಳನ್ನು ಗಾಡಿಯಿಂದ ಇಳಿಸುತ್ತಿದ್ದ. ತಿರುಗಿ ನೋಡಿದರೆ ಮಗು ಇಲ್ಲ.

ಜನರ ಜೊತೆ ಹಿಂದಿನ ದೋಣಿ ಹತ್ತಿದ್ದನ್ನು ಕಂಡೆ ಎಂದ ಒಬ್ಬ. ಇಲ್ಲ, ಈಗ ತಾನೇ ಇಲ್ಲಿತ್ತು ಎಂದ ಇನ್ನೊಬ್ಬ. ಆಚೆ ದಡದಿಂದ ಗಾಡಿಗಳು ಹೊರಡುವ ಹೊತ್ತಾಗಿತ್ತು. ಅವು ಹೊರಟುಹೋದರೆ ಮಗು ಯಾವ ಊರು ಸೇರುವುದೋ ಹೇಳುವವರಿಲ್ಲ. ವ್ಯಾಪಾರಿ ಈ ದಡ ಹುಡುಕುವುದು, ಆಗ ತಾನೇ ಬಂದ ದೋಣಿಯ ಅಂಬಿಗ ಆ ದಡ ಹುಡುಕುವುದು ಎಂದಾಯಿತು.

"ಮಗುವಿನ ಲಕ್ಷಣ ಹೇಳಿ ಯಜಮಾನರೇ," ಎಂದ ಅಂಬಿಗ.

ಮಗುವಿನ ಎಡ ಹುಬ್ಬು ಅರ್ಧವೇ ಇತ್ತು. ಒಲೆಯ ಕೆಂಡ ಸಿಡಿದು ಉಳಿದರ್ಧ ಸುಟ್ಟ ಕಲೆಯಾಗಿತ್ತು. ವ್ಯಾಪಾರಿ ಸುತ್ತ ನೋಡಿದ. ತನ್ನ ಕುಲದವರು, ಮುಂದೆ ಬೀಗರಾಗಬಹುದಾದವರು ಅಲ್ಲೇ ನಿಂತಿದ್ದರು.

"ಬಹಳ ಲಕ್ಷಣವಾಗಿದ್ದಾಳೆ," ಎಂದ. "ಗುಂಡು ಮುಖ, ದೊಡ್ಡ ಕಣ್ಣು. ನೋಡಿದರೆ ಎತ್ತಿಕೊಳ್ಳಬೇಕು ಅನಿಸುತ್ತೆ."

ಅಂಬಿಗ ಹೋದ. ಎತ್ತಿಕೊಳ್ಳಬೇಕು ಅನಿಸಿದ ಮಗುವನ್ನು ಎತ್ತಿಕೊಂಡು ಬಂದ. ಗುಂಡು ಮುಖವಿತ್ತು, ದೊಡ್ಡ ಕಣ್ಣಿತ್ತು. ಇನ್ನೊಂದು ದೋಣಿಯಲ್ಲಿ ಅದರ ತಾಯಿ ಬೈಯುತ್ತಾ ಹಿಂದೆಯೇ ಬಂದಳು.

"ಏನಯ್ಯಾ, ದೋಣಿ ತುಂಬಲಿಲ್ಲ ಅಂತ ಕಂಡವರ ಮಕ್ಕಳನ್ನ ಹೊತ್ತುಕೊಂಡು ಬರ್ತೀಯಾ?"

"ಇವರು ಹೇಳಿದ ಲಕ್ಷಣಕ್ಕೆ ಸರಿಯಾಗಿದೆಯಲ್ಲ ತಾಯಿ," ಎಂದ ಅಂಬಿಗ. ಅವನಿಗೆ ತನ್ನ ತಪ್ಪೇನೆಂದು ತಿಳಿಯಲಿಲ್ಲ. ವ್ಯಾಪಾರಿಗೂ ಒಂದು ಗಳಿಗೆ, ತಾನು ಹೇಳಿದ್ದು ಈ ಮಗುವನ್ನೇ ಅನಿಸಿತು.

"ಅಲ್ಲಿ ಇನ್ನೊಂದು ಮಗು ಒಂಟಿಯಾಗಿ ಅಳುತ್ತಾ ನಿಂತಿತ್ತು," ಎಂದ ಅಂಬಿಗ. "ನೀವು ಹೇಳಿದ ಹಾಗಿರಲಿಲ್ಲ. ಬಿಟ್ಟು ಬಂದೆ."

ಅಷ್ಟರಲ್ಲಿ ಛತ್ರದಿಂದ ಹೆಂಡತಿ ಓಡಿಬಂದಳು. ಎಡ ಹುಬ್ಬು ಅರ್ಧ ಇಲ್ಲ, ಸುಟ್ಟ ಕಲೆ ಇದೆ ಎಂದು ದಡಕ್ಕೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. ಅಂಬಿಗ ಮತ್ತೊಂದು ಮಾತು ಕೇಳದೆ ದೋಣಿ ತಿರುಗಿಸಿದ.

"ಇಷ್ಟು ಜನರ ಮುಂದೆ ಅದನ್ನ ಹೇಳಬೇಕಿತ್ತಾ?" ಎಂದ ವ್ಯಾಪಾರಿ, ದನಿ ತಗ್ಗಿಸಿ.

"ನೀವು ಹೇಳಿದ ಮಗುವನ್ನ ನಾನು ಹೆತ್ತಿಲ್ಲ," ಎಂದಳು ಹೆಂಡತಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮಗು ಸಿಕ್ಕಿತಾ?" ಎಂದಳು ದಾಕ್ಷಾಯಣಿ.

"ಸಿಕ್ಕಿತು. ಪಾಪ ಅಂದುಕೊಂಡು ಗಾಡಿಯವನೊಬ್ಬ ಹತ್ತಿಸಿಕೊಂಡಿದ್ದ. ಅಂಬಿಗ ಹುಬ್ಬು ನೋಡಿ ಇಳಿಸಿಕೊಂಡು ಬಂದ. ತಾಯಿ ಮಗುವನ್ನು ಈಸಿಕೊಂಡು ಮುಖ ನೋಡಿದಳು. ಎಷ್ಟು ಲಕ್ಷಣವಾಗಿದ್ದೀಯೇ ಎಂದು ಆ ಹುಬ್ಬಿಗೆ ಮುತ್ತಿಟ್ಟಳು."

"ಅವಳು ಹೇಳಿದ್ದು ಯಾವ ಅರ್ಥದಲ್ಲಿ? ಗುರುತು ಅಂತಲೋ, ಚೆಲುವು ಅಂತಲೋ?"

"ಅವಳನ್ನು ಯಾರೂ ಕೇಳಲಿಲ್ಲ."

ದಾಕ್ಷಾಯಣಿಯ ಗೊಂದಲ ಕಡಿಮೆಯಾಗಲಿಲ್ಲ. ಬಂದಾಗ ಒಂದು ಪದ ತಿಳಿದಿರಲಿಲ್ಲ. ಈಗ ತಾನು ಯಾವ ಮಗು ಎನ್ನುವುದೇ ತಿಳಿಯದಂತಾಗಿತ್ತು, ಅಂಬಿಗ ಎತ್ತಿಕೊಂಡು ಬಂದದ್ದೋ, ಬಿಟ್ಟು ಬಂದದ್ದೋ.

"ಆದರೆ ನಾಳೆ ಬರುವವರು..." ಎಂದು ಶುರುಮಾಡಿದಳು. ಅಂಗೈ ಇನ್ನೂ ಕೆನ್ನೆಯ ಮೇಲೇ ಇತ್ತು. ಗುರುಗಳು ಆ ಕೈಯನ್ನೇ ನೋಡುತ್ತಾ ಹೇಳಿದರು:

"ನಾಳೆ ನೀನು ಆಚೆ ದಡದಲ್ಲಿ ಕಳೆದುಹೋದರೆ ಅಂಬಿಗನಿಗೆ ನಾನು ಏನು ಹೇಳಲಿ, ನೀನೇ ಹೇಳಿಕೊಡು ತಾಯಿ."