ಕೈ ಎತ್ತದ ಆಟಗಾರ

“ಬುದ್ಧೀ, ಸೇವೆ ಮಾಡುವವನು ದೇವರ ಮುಂದೆ ನಿಂತು ‘ದಣಿದಿದ್ದೇನೆ’ ಎಂದರೆ, ಅಲ್ಲಿಯವರೆಗೆ ಮಾಡಿದ ಸೇವೆ ಕೆಡುತ್ತದೆಯೇ?”

ಕೇಳಿದವರು ಪಂಚಾಕ್ಷರಯ್ಯನವರು. ನಮ್ಮ ಮಠದಲ್ಲಿ ಬೆಳಗಿನ ಪಾರಾಯಣ ಓದುವವರು ಅವರೇ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಅವರು ಮುಂದೆ ಮಣೆಯ ಮೇಲೆ ಕುಳಿತು ಓದುವರು, ಗುರುಗಳು ಹಿಂದೆ ಕಣ್ಣು ಮುಚ್ಚಿ ಕುಳಿತು ಕೇಳುವರು. ಈಚೆಗೆ ಅವರ ಮೈ ಸೋಲುತ್ತಿತ್ತು. ಆದರೆ ನಾಲ್ಕು ದಿನ ಬಿಡುವು ಕೇಳಿದರೆ ಆ ಮಣೆ ಮತ್ತೆ ತಮಗೆ ಸಿಗಲಾರದು ಎಂಬ ಅಳುಕು ಅವರಿಗಿತ್ತು. ಆದ್ದರಿಂದ ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

“ಯಾರ ವಿಷಯ ಕೇಳುತ್ತಿದ್ದೀಯಪ್ಪಾ?” ಎಂದರು ಗುರುಗಳು.

“ಯಾರದ್ದೂ ಅಲ್ಲ ಬುದ್ಧೀ. ಸುಮ್ಮನೆ ಕೇಳಿದೆ.”

“ಹಾಗೋ? ಹಾಗಾದರೆ ನಾನೂ ಯಾರದೋ ಒಂದು ಕತೆ ಹೇಳುತ್ತೇನೆ, ಕೇಳು” ಎಂದು ಗುರುಗಳು ನಕ್ಕರು.

ಒಬ್ಬ ಆಟಗಾರನಿದ್ದ. ನಮ್ಮ ಮಠದ ಶಾಲೆಯ ಮಕ್ಕಳು ಸಂಜೆ ಆಡುತ್ತಾರಲ್ಲ, ಬಾಸ್ಕೆಟ್‌ಬಾಲ್, ಅದೇ ಅವನ ಕಸುಬು. ಒಂದು ನಗರದ ತಂಡಕ್ಕೆ ಸಂಬಳದ ಮೇಲೆ ಆಡುತ್ತಿದ್ದ. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಮುಂದೆ ತರುವುದು, ಜೊತೆಯವರಲ್ಲಿ ಯಾರು ಎಲ್ಲಿದ್ದಾರೆಂದು ನೋಡುವುದು, ತಕ್ಕವನ ಕೈಗೆ ತಕ್ಕ ಗಳಿಗೆಯಲ್ಲಿ ಕೊಡುವುದು, ಇದು ಅವನ ಪಾಲಿನ ಕೆಲಸ. ಅವನಂತೆ ಚೆಂಡು ಕೊಡುವವನು ಆ ನಾಡಿನಲ್ಲಿ ಇನ್ನೊಬ್ಬನಿರಲಿಲ್ಲ. ಅದು ದೇವರು ಅವನಿಗೆ ಕೊಟ್ಟ ವರ.

ಆ ಆಟದಲ್ಲಿ ಒಬ್ಬನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತರೆ ಇನ್ನೊಬ್ಬನು ಒಳಗೆ ಹೋಗುತ್ತಾನೆ. ಎಷ್ಟು ಸಲ ಬೇಕಾದರೂ ಹೀಗೆ ಬದಲಾಗಬಹುದು. ಅವನ ತಂಡದ ಕೋಚ್ ಒಂದು ಪದ್ಧತಿ ಇಟ್ಟಿದ್ದರು. ದಣಿದವನು ಮುಷ್ಟಿ ಕಟ್ಟಿ ಕೈ ಎತ್ತಬೇಕು. ಕೋಚ್ ಅವನನ್ನು ಹೊರಗೆ ಕರೆದು ಕೂರಿಸುತ್ತಿದ್ದರು. ಎಲ್ಲರೂ ಎತ್ತುತ್ತಿದ್ದರು. ಇವನೊಬ್ಬ ಎತ್ತಲಿಲ್ಲ. ಹದಿನಾಲ್ಕು ವರ್ಷ ಎತ್ತಲಿಲ್ಲ. ಪತ್ರಿಕೆಯವರು ಅದನ್ನೇ ಹೊಗಳಿ ಬರೆದರು. ಅವನೂ ಅದನ್ನು ವ್ರತದಂತೆ ಹಿಡಿದ.

ಹದಿನೈದನೆಯ ವರ್ಷಕ್ಕೆ ಅವನ ಮೊಣಕಾಲು ಸೋತಿತು. ಕಣ್ಣು ಹಾಗೇ ಇತ್ತು, ಕೈ ಹಾಗೇ ಇತ್ತು. ಪಂದ್ಯದ ಮೊದಲ ಅರ್ಧದಲ್ಲಿ ಅವನು ಹಳೆಯ ಆಟಗಾರನೇ. ಕೊನೆಯ ಪಾಲಿಗೆ ಬಂದಾಗ ಉಸಿರು ಸಾಲುತ್ತಿರಲಿಲ್ಲ. ಆಗ ಅವನು ಒಂದು ಉಪಾಯ ಕಂಡುಕೊಂಡ. ಬಗ್ಗಿ ಬೂಟಿನ ಲೇಸ್ ಬಿಚ್ಚಿ ಕಟ್ಟುವುದು. ನೆಲದ ಮೇಲೆ ಬೆವರು ಬಿದ್ದಿದೆ, ಒರೆಸಿ ಎಂದು ಕೂಗುವುದು. ಹಾಗೆ ನಾಲ್ಕು ಉಸಿರು ಗಳಿಸುವುದು.

ಜೊತೆಯವರಿಗೆ ಇದು ತಿಳಿಯದೇ ಇದ್ದೀತೇ? ಒಬ್ಬನು, “ಕ್ಯಾಪ್ಟನ್, ಮುಂದಿನ ಪಂದ್ಯಕ್ಕೆ ಲೇಸ್ ಇಲ್ಲದ ಚಪ್ಪಲಿ ತಂದುಕೊಡಲೇ?” ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನೋಡಲು ಬಂದ ಜನ ಅಷ್ಟು ಮೃದುವಾಗಿರಲಿಲ್ಲ. “ಅಣ್ಣಾ, ಚೆಂಡು ಆಗಲೇ ಬಂತು. ನೀನು ಯಾವ ಬಸ್ಸಿಗೆ ಬರುತ್ತೀಯ?” ಎಂದು ಮೇಲಿನ ಮೆಟ್ಟಿಲಿನಿಂದ ಕೂಗಿದರು.

ಕೋಚ್ ಒಮ್ಮೆ ಮೆಲ್ಲಗೆ ಕೇಳಿದರು. “ಸ್ವಲ್ಪ ಕೂತುಕೊಳ್ಳುತ್ತೀಯೇನಪ್ಪಾ?”

“ನನಗೇನಾಗಿದೆ ಸಾರ್?” ಎಂದ. ಅವರು ಮತ್ತೆ ಕೇಳಲಿಲ್ಲ.

ಅವನ ಭಯ ಬೇರೆಯೇ ಇತ್ತು. ಕೈ ಎತ್ತಿ ಹೋದವರು ತಿರುಗಿ ಬರುವುದನ್ನು ಅವನು ದಿನವೂ ನೋಡುತ್ತಿದ್ದ. ಅವರು ಎಳೆಯರು, ಕೋಚ್ ಕರೆದು ಕಳಿಸುತ್ತಾರೆ. ನಾನು ಒಮ್ಮೆ ಕೂತರೆ ಈ ವಯಸ್ಸಿನವನನ್ನು ಕರೆಯುವವರು ಯಾರು? ಹೀಗೆಂದುಕೊಂಡು ಎರಡು ವರ್ಷ ನರಳುತ್ತಾ ಆಡಿದ. ದಿನವೂ ದೇವರಿಗೆ ಕೈ ಮುಗಿದು ಕಾಲಿಗೆ ಬಲ ಕೊಡು ಎಂದು ಬೇಡುತ್ತಿದ್ದ. ದೇವರು ಅದನ್ನು ಕೊಡಲಿಲ್ಲ. ಕೊಡಬೇಕಾದದ್ದು ಬೇರೆ ಇತ್ತು.

ಹದಿನೇಳನೆಯ ವರ್ಷದ ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಇನ್ನು ಆರು ನಿಮಿಷ ಇದ್ದಾಗ ಇವರು ಒಂಬತ್ತು ಅಂಕ ಮುಂದಿದ್ದರು. ಆಮೇಲೆ ಅವನ ಕೈಯಿಂದ ಚೆಂಡು ಎದುರಾಳಿಗೆ ಹೋಯಿತು. ಮತ್ತೊಮ್ಮೆ ಹೋಯಿತು. ಮೂರನೆಯ ಸಲವೂ ಹೋಯಿತು. ಒಂಬತ್ತು ಇದ್ದದ್ದು ಒಂದಾಯಿತು.

ಅವನು ಲೇಸ್ ಕಟ್ಟಲೆಂದು ಬಗ್ಗಿದ. ಏಳಲು ಹೋದರೆ ಮೊಣಕಾಲು ಏಳಲಿಲ್ಲ. ನೆಲಕ್ಕೆ ಕೈ ಊರಿ ತಲೆ ಎತ್ತಿ ನೋಡಿದ. ಜೊತೆಯ ನಾಲ್ವರೂ ಅವನ ಕಡೆಗೇ ನೋಡುತ್ತಿದ್ದರು. ಚಪ್ಪಲಿಯ ಮಾತು ಆಡಿದವನೂ ನೋಡುತ್ತಿದ್ದ. ಆ ಮುಖದಲ್ಲಿ ನಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದವರ ಹಾಗೆ ಕಂಡರು.

ಅವನು ಮುಷ್ಟಿ ಕಟ್ಟಿ ಕೈ ಎತ್ತಿದ.

ಸೀಟಿ ಕೇಳಿತು. ಅವನು ಕುಂಟುತ್ತಾ ಬಂದು ಕುಳಿತು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡ. ಅವನ ಜಾಗಕ್ಕೆ ಇನ್ನೊಬ್ಬನು ಹೋದ.

“ಮುಗಿಯಿತು ಸಾರ್” ಎಂದ ಟವೆಲ್‌ನೊಳಗಿಂದಲೇ.

“ಏನು ಮುಗಿಯಿತು? ಇನ್ನೂ ಐದು ನಿಮಿಷ ಇದೆ. ನೀರು ಕುಡಿ.”

“ನನ್ನನ್ನು ಮತ್ತೆ ಕರೆಯುತ್ತೀರಾ?”

“ನಾನು ಯಾಕೆ ಕರೆಯಲಿ?” ಎಂದರು ಕೋಚ್, ಆಟದಿಂದ ಕಣ್ಣು ತೆಗೆಯದೆ. “ನಾನಾಗಿ ಕೂರಿಸಿದವನು ನನ್ನ ಅಪ್ಪಣೆಗೆ ಕಾಯಬೇಕು. ತಾನೇ ಕೈ ಎತ್ತಿ ಬಂದವನು ಉಸಿರು ತಿರುಗಿದ ಮೇಲೆ ತಾನೇ ಎದ್ದು ಹೋಗಬಹುದು. ಮೊದಲಿನಿಂದಲೂ ಇದೇ ಅಲ್ಲವೇ ನಮ್ಮ ಪದ್ಧತಿ?”

ಅವನು ಟವೆಲ್ ತೆಗೆದ. “ಹದಿನೇಳು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲವಲ್ಲ ಸಾರ್!”

“ನಾನೇ ಹೇಳಿದೆನಲ್ಲೋ ಮಾರಾಯಾ, ಮೊದಲನೆಯ ದಿನವೇ. ಕೈ ಎತ್ತುವ ಮಾತು ಬಂದದ್ದೇ ತಡ, ಇದು ನನಗಲ್ಲ ಎಂದು ನೀನು ಚೆಂಡು ಪುಟಿಸುತ್ತಾ ಹೊರಟುಹೋದೆ. ಅರ್ಧ ಕೇಳಿದೆ, ಅರ್ಧ ಬಿಟ್ಟೆ.”

ಅವನಿಗೆ ನಗು ಬಂತು. ಅಳುವೂ ಬಂತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟಂತಾಯಿತು. ಬೆಂಚಿಗೆ ಬೆನ್ನು ಆನಿಸಿ ಕಾಲು ಚಾಚಿದ. ಒಂದು ಬಾಟಲಿ ನೀರು ಕುಡಿದ. ಪಂದ್ಯ ನಡೆಯುತ್ತಿರುವಾಗ ಸುಮ್ಮನೆ ಕುಳಿತು ಉಸಿರಾಡಿದ್ದು ಅವನ ಜೀವನದಲ್ಲಿ ಅದೇ ಮೊದಲು. ಅವನ ಜಾಗದಲ್ಲಿ ಹೋದವನು ಅವನಷ್ಟು ಚೆನ್ನಾಗಿ ಆಡಲಿಲ್ಲ. ಆದರೆ ಚೆಂಡು ಕಳೆದುಕೊಳ್ಳಲಿಲ್ಲ. ಮೂರು ನಿಮಿಷ ತಂಡವನ್ನು ಹಿಡಿದು ನಿಲ್ಲಿಸಿದ.

ಎರಡು ನಿಮಿಷ ಇರುವಾಗ ಅವನು ಎದ್ದ. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ಹೋಗಿ ಅಂಕ ಬರೆಯುವ ಮೇಜಿನವರಿಗೆ ತನ್ನ ಅಂಗಿಯ ನಂಬರ್ ಹೇಳಿ ಒಳಗೆ ನಡೆದ. ಓಡಲಿಲ್ಲ. ನಾಲ್ಕು ಸಲ ಚೆಂಡು ಹಿಡಿದ, ನಾಲ್ಕು ಸಲವೂ ತಕ್ಕವನ ಕೈಗೆ ಕೊಟ್ಟ. ತಂಡ ಮೂರು ಅಂಕದಿಂದ ಗೆದ್ದು ತನ್ನ ದರ್ಜೆಯಲ್ಲೇ ಉಳಿಯಿತು. ಆಮೇಲೆ ಇನ್ನೂ ಎರಡು ವರ್ಷ ಆಡಿದ. ಪಂದ್ಯಕ್ಕೆ ಎರಡು ಸಲ, ಮೂರು ಸಲ ಕೈ ಎತ್ತಿದ. ಆ ಎರಡು ವರ್ಷದ ಆಟವೇ ತನಗೆ ಹಿತವಾಗಿತ್ತು ಎಂದು ಅವನೇ ಹೇಳುತ್ತಿದ್ದನಂತೆ.

ಕತೆ ಅಲ್ಲಿಗೆ ನಿಂತಿತು. ಪಂಚಾಕ್ಷರಯ್ಯನವರ ಮುಖ ಸಡಿಲವಾಗಿತ್ತು. ಆದರೂ ಒಂದು ಅಳುಕು ಉಳಿದಿತ್ತು.

“ಬುದ್ಧೀ, ಅದು ಆಟ. ಅಲ್ಲಿ ಅವನ ಜಾಗಕ್ಕೆ ಇನ್ನೊಬ್ಬನಿದ್ದ. ಸೇವೆಯಲ್ಲಿ ಒಬ್ಬನು ಕುಳಿತುಬಿಟ್ಟರೆ ಆ ಹೊತ್ತಿನ ಸೇವೆ ಅಲ್ಲಿಗೇ ಮುರಿಯುವುದಿಲ್ಲವೇ?”

ಗುರುಗಳು ಅವರ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

“ಈ ಒಂದು ತಿಂಗಳಿಂದ ನೀನು ಓದುತ್ತಾ ಓದುತ್ತಾ ನಿದ್ದೆ ಹೋದಾಗಲೆಲ್ಲ, ಉಳಿದದ್ದನ್ನು ಹಿಂದೆ ಕುಳಿತು ನಾನು ಹೇಳಿ ಮುಗಿಸುತ್ತಿದ್ದೇನಪ್ಪಾ.”