ಹೊಟ್ಟೆ ಬರಿದಾದ ಕೌದಿ

ಧಾರವಾಡದ ಬಟ್ಟೆ ವ್ಯಾಪಾರಿ ಶ್ರೇಯಾಂಸಪ್ಪನಿಗೆ ಹಳೆಯ ವಸ್ತುಗಳೆಂದರೆ ಪ್ರಾಣ. ಕಾಡಿನ ಜನ ಮಾಡಿದ ಬುಟ್ಟಿ, ಮುಖವಾಡ, ಮಣಿಸರ ಎಲ್ಲಿ ಕಂಡರೂ ತಂದು ಗಾಜಿನ ಕಪಾಟಿನಲ್ಲಿ ಇಡುತ್ತಿದ್ದ. ಪ್ರತಿಯೊಂದರ ಕೆಳಗೂ ಒಂದು ಚೀಟಿ. ಅದರಲ್ಲಿ ಊರು, ವರ್ಷ, ಅಳತೆ ಎಲ್ಲ ಇರುತ್ತಿತ್ತು. ಮಾಡಿದವರ ಹೆಸರಿನ ಜಾಗದಲ್ಲಿ ಮಾತ್ರ 'ಯಾರೋ' ಎಂದಿರುತ್ತಿತ್ತು. ಮನೆ ತುಂಬ ಯಾರೋಗಳೇ! ಈಗಿನವರು ಮಾಡಿದ್ದನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಹಳೇ ಕೈಗಳು ಹೋದವು, ಕಲೆಯೂ ಹೋಯಿತು" ಎಂದು ಬಂದವರ ಮುಂದೆಲ್ಲ ಮರುಗುತ್ತಿದ್ದ. ಮರುಗುವುದರಲ್ಲಿ ಅವನಿಗೆ ಸ್ವಲ್ಪ ಸುಖವೂ ಇತ್ತು ಅನ್ನಿ.

ಒಮ್ಮೆ ಅವನಿಗೆ ಸಿದ್ದಿ ಜನರ ಹಳೆಯ ಕೌದಿಯೊಂದು ಸಿಕ್ಕಿತು. ಸವೆದ ಸೀರೆ, ಲಂಗಗಳ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಆ ಹೊಲಿಗೆಯ ಸಾಲು ನೋಡಿ ಅವನ ಕಣ್ಣು ತಂಪಾಯಿತು. ಆದರೆ ನಟ್ಟನಡುವೆ ಏನೋ ಗಂಟು ಕೈಗೆ ಹತ್ತಿತು. ಬಿಚ್ಚಿ ನೋಡಿದರೆ ಒಳಗೆ ಅರ್ಧ ಪುಡಿಯಾದ ಅಕ್ಕಿಕಾಳು. "ಕಸ" ಎಂದು ಕೊಡವಿ ತೊಟ್ಟಿಗೆ ಎಸೆದ. ಮತ್ತೆ ಚಪ್ಪಟೆಯಾಗಿ ಹೊಲಿಸಿದ.

ಚೀಟಿಗೆ ಕೌದಿಯ ವಯಸ್ಸು ಬೇಕಲ್ಲ! ಅದನ್ನು ಹೊತ್ತುಕೊಂಡು, ಮಾರಿದವನು ಹೇಳಿದ ಗುರುತಿನ ಮೇಲೆ ಹಳಿಯಾಳದ ಕಡೆಯ ಒಂದು ಸಿದ್ದಿ ಕೇರಿಗೆ ಹೋದ. ಅಂಗಳದಲ್ಲಿ ಕಿತ್ರಿನ್ ಎಂಬ ಮುದುಕಿ ಹೊಸ ಕೌದಿ ಹೊಲಿಯುತ್ತಿದ್ದಳು. ನೈಲಾನ್ ಸೀರೆ, ಶಾಲೆಯ ಯೂನಿಫಾರ್ಮಿನ ತುಂಡುಗಳು. ಶ್ರೇಯಾಂಸಪ್ಪ ಮೂಗು ಮುರಿದು, ತನ್ನ ಹಳೆಯ ಕೌದಿಯನ್ನು ಅವಳ ತೊಡೆಯ ಮೇಲೆ ಹರಡಿದ.

ಮುದುಕಿಯ ಸೂಜಿ ನಿಂತಿತು. "ಇದು ನಮ್ಮವ್ವನ ಕೈಯಾಂದು! ಈ ಕೆಂಪು ತುಂಡು ನನ್ನ ಲಂಗದ್ದರಿ." ಅವಳ ಅಂಗೈ ನಿಧಾನಕ್ಕೆ ನಡುವಿಗೆ ಬಂತು. ಅಲ್ಲಿ ಏನೂ ಸಿಗಲಿಲ್ಲ. "ಇದರ ಹೊಟ್ಟಿ ಯಾರ ಕೊಯ್ದ್ರಿ?"

ಕೊಂಡಾಗಲೇ ಹಾಗಿತ್ತು ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಸುಳ್ಳು ಹೊರಡಲಿಲ್ಲ. "ನಾನೇ" ಎಂದ.

"ಕೌದಿ ಮುಗಿಸೂ ಮುಂದ ಹೊಟ್ಟ್ಯಾಗ ಒಂದೀಟು ಅಕ್ಕಿ ಇಟ್ಟು ಮುಚ್ಚತೇವ್ರಿ. ಕೌದಿ ಹಸದಿರಬಾರದು, ಹೊದ್ದವ್ರೂ ಹಸದಿರಬಾರದು ಅಂತ. ಆ ವರ್ಷ ಮನ್ಯಾಗ ಕಾಳಿದ್ದಿಲ್ಲ. ಅವ್ವ ತನ್ನ ಪಾಲಿನ ಅಕ್ಕಿ ಇದಕ್ಕ ಹಾಕಿ, ತಾ ನೀರು ಕುಡದು ಮಲಗಿದ್ಲು. ಆ ಕಾಳು ಎಲ್ಲಿಟ್ಟೀರಿ?"

"ಎಸೆದುಬಿಟ್ಟೆ, ಅಕ್ಕಾರ." ಹಳೆಯದಕ್ಕಾಗಿ ಊರೂರು ಅಲೆದವನು, ಆ ಕೌದಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನೇ ಕಸದ ಪಾಲು ಮಾಡಿದ್ದ.

ಮುದುಕಿ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಮೊದಲು ಊಟ ಮಾಡ್ರಿ. ಬರೇ ಹೊಟ್ಟ್ಯಾಗ ದುಃಖ ಮಾಡಬಾರದು."

ಊಟವಾದ ಮೇಲೆ ಅವನು ಹಳೆಯ ಕೌದಿಯನ್ನು ಮಡಚಿ ಅವಳ ಕೈಗಿಟ್ಟ. "ಇದು ನಿಮ್ಮದು. ನನಗೆ ನೀವು ಹೊಲೀತಿರೋದು ಕೊಡ್ರಿ, ಅದರ ಬೆಲೆ ಕೊಡತೀನಿ."

"ಇದು ಹೊಸಾದರಿ."

"ಇರಲಿ" ಎಂದು ಅವನು ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದ. ಅದೇ ಸಾಲು, ಅದೇ ಬಿಗಿ. ತಾಯಿಯ ಕೈ ಮಗಳಲ್ಲಿ ಹಾಗೇ ಇತ್ತು. ಎಲ್ಲಿಗೂ ಹೋಗಿರಲಿಲ್ಲ.

ಹೊಸ ಕೌದಿಯ ನಡುವಿನ ಕಿಂಡಿಯೊಂದನ್ನು ಮುಚ್ಚುವುದಿತ್ತು. ಕಿತ್ರಿನ್ ಹಳೆಯದರ ನಡುವಿನ ಹೊಲಿಗೆಯನ್ನೂ ಬಿಚ್ಚಿ, ಅಕ್ಕಿಯ ಡಬ್ಬಿ ಮುಂದಿಟ್ಟಳು. "ನೀವ ಹಾಕ್ರಿ." ಅವನು ಹಾಕಿದ. ಎರಡೂ ಕೌದಿಗಳಿಗೆ.

ಹೊರಡುವಾಗ ಚೀಟಿ ತೆಗೆದು, "ನಿಮ್ಮ ಹೆಸರೇನ್ರಿ? ನಿಮ್ಮವ್ವನದು?" ಎಂದು ಕೇಳಿದ.

"ನಾ ಕಿತ್ರಿನ್. ಅವ್ವ ಜುವಾನಾ" ಎಂದಳು ಮುದುಕಿ. ಮತ್ತೆ ತುಸು ತಡೆದು, "ಎಷ್ಟೋ ಮಂದಿ ಬಂದು ಕೌದಿ ಒಯ್ದ್ರು. ಅವ್ವನ ಹೆಸರು ಕೇಳಿದವ್ರು ನೀವೊಬ್ರ" ಎಂದಳು.

ಶ್ರೇಯಾಂಸಪ್ಪನ ಕಪಾಟಿಗೆ ಅಂದು ಮೊದಲ ಹೆಸರು ಬಂತು. ಉಳಿದ ಯಾರೋಗಳನ್ನು ಹುಡುಕಲು ಅವನು ಮರುದಿನವೇ ಹೊರಟ.

ನೀತಿ: ಕಲೆಯನ್ನು ಕೂಡಿಡುವವನು ಮೊದಲು ಅದನ್ನು ಮಾಡಿದವರನ್ನು ಕೇಳಬೇಕು. ನಮಗೆ ಕಸವಾಗಿ ಕಂಡದ್ದು ಅವರ ಪ್ರಾಣವಾಗಿರಬಹುದು. ವಸ್ತುವನ್ನು ಉಳಿಸಿ ಹೆಸರನ್ನು ಕಳೆದರೆ ಉಳಿಸಿದಂತಲ್ಲ. ಇಂದು ದುಡಿಯುತ್ತಿರುವ ಕೈಯನ್ನು ಗೌರವಿಸದವನಿಗೆ ಹಳೆಯದರ ಮೇಲಿನ ಪ್ರೀತಿಯೂ ಪೂರ್ತಿಯಲ್ಲ.